ತೊಳೆದ ಚಿಯಾ

ಹನಗೋಡಿನ ನಮ್ಮ ಪಕ್ಕದ ಮನೆಯ ಅಕ್ಕ ಯಾವ ಕಾಳನ್ನೂ ತೊಳೆಯದೆ ಅಡುಗೆಗೆ ಹಾಕಿದವರಲ್ಲ. ಏನು ಹೇಳಲು ಹೋದರೂ, "ನಂಗೆ ಏಳ್ಕೊಡ್ಬ್ಯಾಡ ಬುಡು" ಎನ್ನುತ್ತಿದ್ದರು. ಹೊಲದಲ್ಲಿ ಕಾಮಕಸ್ತೂರಿ ಬೀಜದಂಥ ಚಿಯಾ ಬೆಳೆದು ಮಾರುತ್ತಿದ್ದರೂ ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಅದನ್ನು ಒಕ್ಕುತ್ತಿದ್ದದ್ದು ನನ್ನ ಮಿಷಿನ್ನು.

ಒಂದು ಸಲ ಅವರ ಐದು ವರ್ಷದ ಮೊಮ್ಮಗಳು ಮೊದಲ ಬಾರಿಗೆ ಅಮ್ಮನನ್ನು ಬಿಟ್ಟು ಅಜ್ಜಿಯ ಮನೆಯಲ್ಲಿ ಉಳಿದಳು. ಹಸುವಿನ ಹಾಲು ಕುಡಿದರೆ ಮಗುವಿಗೆ ಮೈಯೆಲ್ಲ ದದ್ದು. ತೆಂಗಿನ ಹಾಲಿನ ಚಿಯಾ ಪುಡ್ಡಿಂಗ್ ಒಂದನ್ನೇ ಅವಳು ಹಟ ಮಾಡದೆ ತಿನ್ನುತ್ತಿದ್ದದ್ದು. ತಿನ್ನದಿದ್ದರೆ ಸಂಜೆಯೇ ಬಂದು ಕರೆದುಕೊಂಡು ಹೋಗುತ್ತೇನೆಂದು ಅಕ್ಕನ ಮಗಳು ಹೇಳಿಹೋಗಿದ್ದಳು.

ಅಕ್ಕ ಎಳ್ಳು ತೊಳೆಯುವಂತೆ ಚಿಯಾ ತೊಳೆಯಲು ಕೂತರು. ನಾನು ಹೋಗಿ ನೋಡಿದರೆ ಬೆರಳು, ಬಳೆ, ಜರಡಿ ಎಲ್ಲ ಲೋಳೆ ಲೋಳೆ.

"ನಿನ್ ಮಿಷಿನ್ನಲ್ಲಿ ಕಲ್ ಬತ್ತದೆ ಕಣ್ಲಾ, ಅದ್ಕೇ ತೊಳ್ದೆ!"

ನನಗೆ ರೇಗಿತು. "ನನ್ ಮಿಷಿನ್ನಲ್ಲಿ ಕಲ್ಲಾ? ಒಂದ್ ಕಲ್ಲು ತೋರ್ಸಕ್ಕ, ಇಲ್ಲೇ ನುಂಗ್ತೀನಿ."

ಅಕ್ಕ ಬೇರೆ ಒಂದು ಹಿಡಿ ಚಿಯಾ ತೆಗೆದು ಮೊರದಲ್ಲಿ ಕೇರಿ, ಬೆಲ್ಲ ಕದಡಿದ ತೆಂಗಿನ ಹಾಲಿಗೆ ಹಾಗೇ ಸುರಿದರು. ಅದಕ್ಕೆ ಮುಂಚೆ ಅವರ ಕೈ ಎರಡು ಸಲ ನೀರಿನ ಚೊಂಬಿನತ್ತ ಹೋಗಿ ಬಂತು.

"ತೊಳೀದೆ ಮಗೀಗೆ ಕೊಡ್ತಾ ಇವ್ನಿ. ಯಾರ್ಗೂ ಏಳ್ಬ್ಯಾಡ ಕಣಪ್ಪ."

ಚಿಯಾ ಎರಡು ಗಂಟೆ ನೆನೆದ ಮೇಲೆ ಮಗು ಬಟ್ಟಲನ್ನು ನೆಕ್ಕಿ ಖಾಲಿ ಮಾಡಿತು. ಆಗಲೇ ಮಗಳ ಫೋನು ಬಂತು. ಅಕ್ಕ ನನ್ನ ಮುಖ ನೋಡದೆ ಹೇಳಿದರು:

"ತಿಂದ್ಲು ಕಣವ್ವ. ಚಿಯಾನ ಯಾವತ್ತೂ ತೊಳೀಬಾರ್ದು, ತಿಳ್ಕೊ. ಇನ್ನೆಂಟು ದಿನ ಇಲ್ಲೇ ಬುಡು ಮಗೀನ."