ಅತ್ತೆ ಒತ್ತಿ ಹಿಡಿದ ಪದ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವ ಕಾಲದಲ್ಲೋ ಹಲಸಿನಕಾಯಿ ಕೊಚ್ಚುವಾಗ ಕತ್ತಿ ತಾಗಿ ಆದದ್ದು. ಆಮೇಲೆ ಬೆಳೆದ ಉಗುರೆಲ್ಲ ಎರಡು ಹೋಳಾಗಿಯೇ ಬೆಳೆಯಿತು. ನನ್ನ ಆಟದ ಯಂತ್ರದ ಬಲಗಡೆಯ ಗುಂಡಿಗಳ ಮೇಲೆ ಸಣ್ಣ ಸಣ್ಣ ಗೀರುಗಳಿವೆ. ಅವು ಆ ಉಗುರಿನವು.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿ ಆರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಹೆತ್ತೂರು ಹತ್ತಿರದ ನಮ್ಮ ಮನೆಗೆ ವಾಪಸ್ಸು ಬಂದವಳು. ನನಗೆ ಮೂರು ವರ್ಷ ಇರುವಾಗ ಅವ್ವ ತೀರಿಹೋದಳು. ಆಮೇಲೆ ತಲೆ ಬಾಚಿದ್ದು, ಬೈದದ್ದು, ಬಾಯಿಗೆ ತುತ್ತಿಟ್ಟದ್ದು ಎಲ್ಲ ಅತ್ತೆಯೇ. ಅವ್ವನ ಮುಖ ನನಗೆ ನೆನಪಿಲ್ಲ. ಅಪ್ಪನನ್ನು ಕೇಳಿದರೆ ತೋಟಕ್ಕೆ ಎದ್ದು ಹೋಗುತ್ತಿದ್ದರು.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅತ್ತೆ ಇಲ್ಲದೆ ಮದುವೆಯೇ ಇಲ್ಲ. ಸೋಬಾನೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಅವಳು ಮುಂದೆ ಒಂದು ಸಾಲು ಹೇಳುವುದು, ನಾಲ್ಕೈದು ಹೆಂಗಸರು ಹಿಂದೆ ಅದನ್ನೇ ಹೇಳುವುದು, ಅಷ್ಟರಲ್ಲಿ ಅವಳು ಉಸಿರು ಎಳೆದುಕೊಂಡು ಮುಂದಿನ ಸಾಲು ಕಟ್ಟುವುದು. ಹೆಣ್ಣೊಪ್ಪಿಸುವ ಪದ ಬಂತೆಂದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಪದವನ್ನು ಒಬ್ಬೊಬ್ಬ ಹುಡುಗಿಗೂ ಹೊಸದಾಗಿ ಕಟ್ಟುತ್ತಿದ್ದಳು. ಮೊದಲು ಹುಡುಗಿಯ ಮನೆ, ಆಮೇಲೆ ಕೊಟ್ಟಿಗೆ, ಆಮೇಲೆ ಅಪ್ಪ, ಕೊನೆಗೆ ಅವ್ವ. ಅವ್ವ ಬಂದಾಗ ದನಿಯನ್ನು ಎಳೆದು ನಿಲ್ಲಿಸಿಬಿಡುತ್ತಿದ್ದಳು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ನಿನ್ನ ಪದದಾಗೆ ನಿಮ್ಮವ್ವನ್ನ ತರ್ತೀನಿ ಕಣೇ. ಹೆಂಗಿದ್ಲು, ಏನಂತಿದ್ಲು, ನಿನ್ನ ಹೆಂಗೆ ಎತ್ಕಂತಿದ್ಲು, ಎಲ್ಲಾ ಹೇಳ್ತೀನಿ" ಎನ್ನುತ್ತಿದ್ದಳು.

"ಈಗ್ಲೇ ಹೇಳತ್ತೆ."

"ಮದ್ವೆ ಆಗು, ಹೇಳ್ತೀನಿ. ಹಸೆ ಇಲ್ದೆ ಹೆಣ್ಣೊಪ್ಪಿಸೋ ಪದ ಹೇಳ್ಬುಟ್ರೆ ಹುಡ್ಗಿಗೆ ಒಳ್ಳೇದಾಗಲ್ಲ."

ನಾನೋ ಮಹಾ ಸೊಕ್ಕಿನವಳು. ಓದು ಮುಗಿಯಲಿ ಅಂದೆ, ಕೆಲಸ ಸಿಗಲಿ ಅಂದೆ. ಆಲೂರಿನಲ್ಲಿ ಟೀಚರ್ ಕೆಲಸ ಸಿಕ್ಕ ಮೇಲೆ ಇನ್ನೊಂದು ವರ್ಷ ಹೋಗಲಿ ಅಂದೆ. ಅತ್ತೆಯ ದನಿ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

ನನ್ನ ಹುಚ್ಚು ಬೇರೆಯೇ ಇತ್ತು. ಹಾಸನದ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ತನಗೆ ಬೇಜಾರಾಯಿತೆಂದು ಕೊಟ್ಟ ಆ ಆಟದ ಯಂತ್ರ. ಎರಡೂ ಕೈಯಲ್ಲಿ ಹಿಡಿದುಕೊಳ್ಳುವಂಥದ್ದು. ಪರದೆಯ ಮೇಲೆ ಬಣ್ಣಬಣ್ಣದ ಕೂದಲಿನ ಹುಡುಗಿಯರು ಹಾಡುತ್ತಾ ಕುಣಿಯುತ್ತಾರೆ. ಅವರು ಮನುಷ್ಯರಲ್ಲ, ಚಿತ್ರಗಳು. ದನಿ ಕಂಪ್ಯೂಟರಿನದು, ಭಾಷೆ ಜಪಾನಿನದು. ಹಾಡಿನ ತಾಳಕ್ಕೆ ಸರಿಯಾಗಿ ಗುರುತುಗಳು ಹಾರಿ ಬರುತ್ತವೆ, ಬಂದು ಕೂತ ಕ್ಷಣಕ್ಕೆ ಗುಂಡಿ ಒತ್ತಬೇಕು. ಬಾಲ ಇರುವ ಗುರುತು ಬಂದರೆ ಒತ್ತಿ ಹಿಡಿದುಕೊಂಡು, ಬಾಲ ಮುಗಿದೊಡನೆ ಬಿಡಬೇಕು. ಹೆಚ್ಚುಕಮ್ಮಿಯಾದರೆ 'ಮಿಸ್' ಎಂದು ಬರುತ್ತದೆ.

"ಅದೇನೇ ಅದು, ಕೋಳಿ ಕಾಳು ಹೆಕ್ಕಿದಂಗೆ ಟಕಟಕ ಅಂತೀಯ" ಎಂದು ಅತ್ತೆ ಒಂದು ದಿನ ಪಕ್ಕಕ್ಕೆ ಬಂದು ಕೂತಳು. ಒಂದು ಹಾಡು ಪೂರ್ತಿ ಕೇಳಿದಳು. ಮುಗಿಯುವ ಹೊತ್ತಿಗೆ ಹುಬ್ಬು ಗಂಟಾಗಿತ್ತು.

"ಇವ್ಳು ಉಸ್ರೇ ತಗಳಲ್ವಲ್ಲೇ!"

ನಾನು ವರ್ಷಗಟ್ಟಲೆ ಆಡಿದ್ದೆ, ನನಗದು ಹೊಳೆದಿರಲಿಲ್ಲ. "ಇವಳಿಗೆ ಗಂಟಲೇ ಇಲ್ಲ ಅತ್ತೆ, ಕಂಪ್ಯೂಟರಲ್ಲಿ ಮಾಡಿದ ದನಿ" ಅಂದೆ.

"ಅಯ್ಯೋ ಪಾಪ" ಅಂದಳು ಅತ್ತೆ. ಯಾರದೋ ಮನೆಯ ಮಗುವಿಗೆ ಮರುಗಿದ ಹಾಗೇ ಮರುಗಿದಳು.

ಆ ಸಲದ ಮದುವೆ ಕಾಲ ಮುಗಿದ ಮೇಲೆ ಅತ್ತೆಯ ಗಂಟಲು ಕಟ್ಟಿತು. ಪ್ರತಿ ವರ್ಷ ಕಟ್ಟುವುದೇ. ಮೆಣಸು ಬೆಲ್ಲ ಹಾಕಿ ಕಷಾಯ ಕುಡಿದರೆ ಹದಿನೈದು ದಿನಕ್ಕೆ ಬಿಡುತ್ತಿತ್ತು. ಈ ಸಲ ತಿಂಗಳಾಯಿತು, ಎರಡಾಯಿತು. ಪದ ಹೇಳುವವರ ಗಂಟಲು ಕಟ್ಟದೆ ಇನ್ಯಾರದು ಕಟ್ಟುತ್ತೆ ಎಂದು ಅವಳೂ ಅಂದಳು, ನಾವೂ ಅಂದೆವು. ಕಷಾಯ ಕುದಿಸಿ ಕುದಿಸಿ ಐದು ತಿಂಗಳು ಕಳೆದೆವು. ಮಂಗಳೂರಿನ ಡಾಕ್ಟರು ನೋಡಿದಾಗ ಕ್ಯಾನ್ಸರ್, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು. ಅಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಆ ಐದು ತಿಂಗಳಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಫೋನು ಹಿಡಿದು ಮಂಚದ ಪಕ್ಕ ಕೂತೆ. "ಅತ್ತೆ, ನನ್ನ ಪದ ಹೇಳ್ಬಿಡು. ಇದರಲ್ಲಿ ತುಂಬ್ಕೊಂಡು ಮದ್ವೆ ದಿನ ಹಾಕಿಸ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ."

ಅವಳ ದನಿ ಆಗಲೇ ತರಗೆಲೆ ತುಳಿದ ಸದ್ದಾಗಿತ್ತು. "ಆಸ್ಪತ್ರೆ ಮಂಚದ ಮ್ಯಾಲೆ ಕುಂತು ಹೆಣ್ಣೊಪ್ಪಿಸಾದಾ? ತಗಿ ತಗಿ. ನಿನ್ನ ಬಾಳು ಕೆಟ್ರೆ ನಾನು ಎಲ್ಲಿಗೆ ಹೋಗ್ಲಿ?"

ಬೇಡಿಕೊಂಡೆ, ಜಗಳ ಆಡಿದೆ, ಕಣ್ಣೀರು ಹಾಕಿದೆ. ಅವಳು ಜಗ್ಗಲಿಲ್ಲ. ನನ್ನ ಒಳ್ಳೆಯದಕ್ಕೇ ಬಾಯಿ ಬಿಗಿಹಿಡಿದವಳ ಹತ್ತಿರ ಏನು ವಾದ ಮಾಡುವುದು? ಮಾರನೆಯ ದಿನ ಅವಳ ಕತ್ತಿನಲ್ಲಿ ಒಂದು ತೂತಿತ್ತು, ಉಸಿರು ಅಲ್ಲಿಂದ ಆಡುತ್ತಿತ್ತು.

ಅವಳಿಗೆ ರುಜು ಹಾಕುವಷ್ಟೇ ಅಕ್ಷರ ಬರುತ್ತಿತ್ತು. ತುಟಿ ಅಲ್ಲಾಡಿಸಿದರೆ ನೀರು, ಕಾಫಿ, ಸಾಕು ಎಂಬ ಮಾತು ನಮಗೆ ತಿಳಿಯುತ್ತಿತ್ತು, ಒಂದೊಂದು ಸಲ ಅದಕ್ಕಿಂತ ಹೆಚ್ಚು. ಹೌದಾದರೆ ಬೆರಳಿನಿಂದ ಒಂದು ತಟ್ಟು, ಇಲ್ಲವಾದರೆ ಎರಡು. ಗಂಟಲಿಗೆ ಒತ್ತಿಕೊಂಡರೆ ಮಾತು ಬರುವ ಬ್ಯಾಟರಿ ಯಂತ್ರವೊಂದನ್ನು ತರಿಸಿದೆ. ಕಂಪ್ಯೂಟರ್ ಹುಡುಗಿ ಹಾಡುತ್ತಾಳಂತೆ, ನಮ್ಮ ಅತ್ತೆ ಹಾಡಬಾರದೇ? ನನ್ನ ಲೆಕ್ಕಾಚಾರ ಅದು. ಅತ್ತೆ ಯಂತ್ರ ಒತ್ತಿಕೊಂಡು ನನ್ನ ಹೆಸರು ಕೂಗಿದಳು. ಏರಿಲ್ಲ, ಇಳಿತವಿಲ್ಲ, ಒಂದೇ ಸಮನೆ ಗುಂಯ್ಯೆನ್ನುವ ಸದ್ದು. ಹಟ್ಟಿಯ ನಾಯಿ ಎದ್ದು ಬೊಗಳಿತು. ಅತ್ತೆ ನಕ್ಕಳು, ಅಂದರೆ ಹೆಗಲು ಕುಣಿದವು. ಆಮೇಲೆ ಯಂತ್ರವನ್ನು ಸೆರಗಿನಲ್ಲಿ ಒರೆಸಿ ಟ್ರಂಕಿನ ತಳಕ್ಕೆ ಹಾಕಿದಳು, ಮತ್ತೆ ತೆಗೆಯಲಿಲ್ಲ.

ಗಂಟಲಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದಕ್ಕೆ ಸೋಮವಾರ ಮಂಗಳೂರಿಗೆ ಹೋಗಿ ಶುಕ್ರವಾರ ವಾಪಸ್ಸು ಬರುತ್ತಿದ್ದೆವು. ಒಂದು ಸೋಮವಾರ ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿ, ನಮ್ಮ ಬಸ್ಸು ಮಾರನಹಳ್ಳಿಯಲ್ಲಿ ನಿಂತೇಬಿಟ್ಟಿತು. ಹನ್ನೆರಡಾಯಿತು, ಎರಡಾಯಿತು. ಆಸ್ಪತ್ರೆಯ ಸಮಯ ಮೀರಿತು. ಫೋನಿಗೆ ಸಿಗ್ನಲ್ ಇಲ್ಲ. ನಾನು ಕಂಡಕ್ಟರನ ಮೇಲೆ ಹರಿಹಾಯ್ದೆ.

"ನಾನೇನ್ ಮಾಡ್ಲಿ ಮೇಡಂ? ಬಸ್ಸನ್ನ ತಲೆ ಮ್ಯಾಲೆ ಹೊತ್ಕಂಡು ಇಳಿಸ್ಲಾ?" ಅಂದ ಅವನು. ಅವನ ಮಾತೇ ಸರಿ. ಕಿಟಕಿಗೆ ಹಣೆ ಒತ್ತಿ ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ನನ್ನ ತೊಡೆಯ ಮೇಲೆ ಎರಡು ಸಲ ತಟ್ಟಿದಳು. ಅಳಬೇಡ ಎಂದು. ಆಮೇಲೆ ಚೀಲದೊಳಗೆ ಕೈಯಾಡಿಸಿ ನನ್ನ ಆಟದ ಯಂತ್ರ ಎಳೆದುಕೊಂಡಳು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಒಂದು ನನ್ನ ಕಿವಿಗೆ. ನೇರಳೆ ಕೂದಲಿನ ಹುಡುಗಿ ಹಾಡಲು ನಿಂತಳು. ಹತ್ತು ನಿಮಿಷ ಕಲಿಸಿದ್ದಷ್ಟೆ, ತಾಳ ಅತ್ತೆಯ ಬೆರಳಿಗೆ ಹತ್ತಿಬಿಟ್ಟಿತು. ಗುರುತು ನೋಡುವುದಕ್ಕೆ ಮೊದಲೇ ಹೆಬ್ಬೆರಳು ಬೀಳುತ್ತಿತ್ತು. ಆದರೆ ಬಾಲದ ಗುರುತು ಬಂದಾಗಲೆಲ್ಲ ಮಿಸ್. ಒತ್ತಿ ಹಿಡಿದವಳು ಬಿಡುತ್ತಲೇ ಇರಲಿಲ್ಲ.

"ಬಿಡತ್ತೆ! ಬಾಲ ಮುಗೀತು, ಬಿಡು!"

ಅವಳು ನನ್ನತ್ತ ತಿರುಗಿ ತುಟಿ ಆಡಿಸಿದಳು. ನಿಧಾನಕ್ಕೆ, ನನಗೆ ತಿಳಿಯುವ ಹಾಗೆ. "ಅವ್ಳಿನ್ನೂ ಎಳೀತಾವ್ಳಲ್ಲೇ."

ಮತ್ತೆ ಕೇಳಿದೆ. ನಿಜ. ಪರದೆಯ ಮೇಲೆ ಬಾಲ ಮುಗಿದರೂ ಹುಡುಗಿಯ ದನಿ ಹಿಂದೆ ಎಲ್ಲೋ ಸಣ್ಣಗೆ ಉಳಿದಿರುತ್ತಿತ್ತು. ಅದು ಪೂರ್ತಿ ಆರುವವರೆಗೆ ಅತ್ತೆ ಬೆರಳು ಎತ್ತುತ್ತಿರಲಿಲ್ಲ. ಆಟ ಅವಳನ್ನು ಸೋಲಿಸುತ್ತಲೇ ಇತ್ತು, ಅವಳು ಕ್ಯಾರೇ ಅನ್ನಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಲವೂ ಬಸ್ಸಿನಲ್ಲಿ ಅದೇ ಹಾಡು, ಅದೇ ಮಿಸ್ಸು.

ಮುಂದಿನ ವರ್ಷ ನನ್ನ ಮದುವೆ. ಆನೇಮಹಲ್ ಹತ್ತಿರದ ಕಲ್ಯಾಣ ಮಂಟಪ, ಮೈಕಿನಲ್ಲಿ ಸಿನಿಮಾ ಹಾಡು. ಅತ್ತೆಯ ಹಿಂದೆ ಹೇಳುತ್ತಿದ್ದ ಹೆಂಗಸರೆಲ್ಲ ಬಂದಿದ್ದರು, ಹಸೆಯ ಪಕ್ಕ ಸಾಲಾಗಿ ಕೂತಿದ್ದರು. ಹೆಣ್ಣೊಪ್ಪಿಸುವ ಹೊತ್ತಿಗೆ ಯಾರೋ ಮೈಕು ನಿಲ್ಲಿಸಿ, "ಹೇಳ್ರವ್ವ ಯಾರಾದ್ರೂ" ಅಂದರು.

"ಮುಂದೆ ಹೇಳೋಳೇ ಇಲ್ದೆ ಹಿಂದೆ ಹೆಂಗಪ್ಪಾ ಹೇಳಾದು?" ಅಂದಳು ಅವರಲ್ಲೊಬ್ಬಳು.

ಆಗ ಅತ್ತೆ ನನ್ನ ಬೆನ್ನ ಹಿಂದೆ ಬಂದು ಕೂತು ಎಡಗೈ ಎಳೆದುಕೊಂಡಳು. ಸೆರಗಿನ ಮರೆಯಲ್ಲಿ ಅಂಗೈ ಮೇಲೆ ಆ ಸೀಳು ಉಗುರಿನ ಹೆಬ್ಬೆರಳು ಬಿತ್ತು. ತಟ್ಟು, ತಟ್ಟು. ಒಂದು ಸಾಲು. ಆಮೇಲೆ ಬೆರಳು ಎತ್ತಿ ಕಾದಳು. ಹಿಂದಿನವರು ಹೇಳುವಷ್ಟು ಹೊತ್ತು. ಮತ್ತೆ ತಟ್ಟು. ಎಷ್ಟು ಮದುವೆಗಳಲ್ಲಿ ಕೇಳಿದ್ದೆ ನಾನು, ಗೊತ್ತಾಗದೆ ಇರುತ್ತದೆಯೇ? ಇದು ಮನೆ. ಇದು ಕೊಟ್ಟಿಗೆ. ಇದು ಅಪ್ಪ.

ಆಮೇಲೆ ಬೆರಳು ಒತ್ತಿ ನಿಂತಿತು. ಅವ್ವ ಬಂದಳು.

ಒತ್ತಿಯೇ ಹಿಡಿದಳು. ಅವಳ ತುಟಿ ಆಡುತ್ತಿತ್ತೆಂದು ಎದುರಿಗಿದ್ದವರು ಆಮೇಲೆ ಹೇಳಿದರು. ತಿರುಗಿ ನೋಡಿದ್ದರೆ ಒಂದಾದರೂ ಮಾತು ನನಗೆ ಸಿಗುತ್ತಿತ್ತೇನೋ. ತಲೆ ಎತ್ತಬೇಡ, ಬಾಸಿಂಗ ಜಾರುತ್ತೆ ಎಂದು ಯಾರೋ ಗದರಿದ್ದರು, ನಾನು ಎತ್ತಲಿಲ್ಲ. ಯಾರ ಉಸಿರಿಗೂ ಅಷ್ಟು ಉದ್ದ ದಕ್ಕುವುದಿಲ್ಲ, ಅಷ್ಟು ಹೊತ್ತು ಅವಳು ಹಿಡಿದಿದ್ದಳು. ಫೋಟೋದವನು ಅವಸರ ಮಾಡಿದ, ಗಂಡಿನ ಕಡೆಯವರು ಜೀಪು ಬಂತೆಂದರು. ಬೆರಳು ಅಲುಗಲಿಲ್ಲ. ಆಮೇಲೆ ತಾನಾಗಿಯೇ ಎತ್ತಿದಳು.

ತವರಿಗೆ ಬಂದಾಗ ಕೇಳಿದೆ. "ಅವ್ವನ ಬಗ್ಗೆ ಏನಂದೆ ಅತ್ತೆ? ಈಗಲಾದ್ರೂ ತುಟಿ ಆಡ್ಸಿ ಹೇಳು." ಅವಳು ನೆಲ ತೋರಿಸಿದಳು. ಹಸೆ ಎಲ್ಲಿದೆ ಎಂದು. ಅಂಗೈ ಮೇಲೆ ಎರಡು ಸಲ ತಟ್ಟಿ ಹೆಗಲು ಕುಣಿಸಿದಳು. ಆ ವರ್ಷದ ಕಾಫಿ ಕುಯ್ಲು ಮುಗಿಯುವ ಮೊದಲೇ ಹೋಗಿಬಿಟ್ಟಳು. ನಾನು ಆಲೂರಿನಿಂದ ತಲುಪುವಷ್ಟರಲ್ಲಿ ಅವಳನ್ನು ಜಗಲಿಯಲ್ಲಿ ಮಲಗಿಸಿದ್ದರು. ಅಪ್ಪ ಈಗಲೂ ಕೇಳಿದರೆ ತೋಟಕ್ಕೆ ಎದ್ದು ಹೋಗುತ್ತಾರೆ. ಅವ್ವ ನನ್ನನ್ನು ಹೇಗೆ ಎತ್ತಿಕೊಳ್ಳುತ್ತಿದ್ದಳೆಂದು ಹೇಳುವವರು ಈಗ ಯಾರೂ ಇಲ್ಲ.

ಆ ಹಾಡನ್ನು ಈಗಲೂ ಆಡುತ್ತೇನೆ. ಬಾಲದ ಗುರುತು ಬಂದಾಗ ಗೀರು ಬಿದ್ದ ಗುಂಡಿಯನ್ನು ಒತ್ತಿ ಹಿಡಿಯುತ್ತೇನೆ. ಬಾಲ ಮುಗಿಯುತ್ತದೆ, ಹುಡುಗಿ ಇನ್ನೂ ಸಣ್ಣಗೆ ಎಳೆಯುತ್ತಿರುತ್ತಾಳೆ. ಮಿಸ್ ಎಂದು ಬರುತ್ತದೆ. ನಾನು ಬಿಡುವುದಿಲ್ಲ.