ಶಿವಣ್ಣ ಹೊಡೆಯದ ಹಾರನ್

ಶಿವಣ್ಣ, ಆ ಬೆಳಿಗ್ಗೆ ಸರೋಜಮ್ಮನವರ ಬೆನ್ನ ಹಿಂದೆ ಹಾರನ್ ಹೊಡೆದವನು ನಾನು. ನಿಮ್ಮ ನೀರಿನ ಟ್ಯಾಂಕರ್ ಅಲ್ಲ — ನನ್ನ ಸ್ಕೂಟರ್. ಐದು ವರ್ಷದಿಂದ ಈ ಮಾತು ನನ್ನೊಳಗೇ ಉಳಿದಿದೆ. ಬನಶಂಕರಿಯ ನಮ್ಮ ಬೀದಿಯಲ್ಲಿ ನಿಮ್ಮ ಹೆಸರು ಕೆಟ್ಟಿತು, ನನ್ನ ಹೆಸರಿಗೆ ಮರ್ಯಾದೆ ಬಂತು. ಎರಡೂ ನನ್ನ ಕಣ್ಣೆದುರಿಗೇ ಆದವು. ನಾನು ಸುಮ್ಮನಿದ್ದೆ.

ಸ್ಕೂಟರಿನಿಂದ ಲಾರಿಯ ಸದ್ದು ಹೇಗೆ ಹೊರಟಿತು ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನನ್ನ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ — ನೆಪವಾಗಿ ಅಲ್ಲ, ಇದ್ದದ್ದು ಇದ್ದ ಹಾಗೆ.

ನನ್ನ ದನಿ ಮೊದಲಿನಿಂದಲೂ ಸಣ್ಣದು. ಜೆ.ಪಿ. ನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ ನಾನು. ಕೌಂಟರಿನ ಕಿಂಡಿಯಾಚೆಯಿಂದ ದಿನಕ್ಕೆ ಹತ್ತು ಸಲ ಜೋರಾಗಿ ಮಾತಾಡಿ ಎಂದು ಹೇಳಿಸಿಕೊಳ್ಳುವವನು. ಹೋಟೆಲಿನಲ್ಲಿ ನಾನು ಕರೆದರೆ ಮಾಣಿ ಪಕ್ಕದ ಟೇಬಲ್ಲಿಗೆ ಹೋಗುತ್ತಾನೆ. ಮನೆಯಲ್ಲಿ ನಾನು ಶುರು ಮಾಡಿದ ಮಾತನ್ನು ಮುಗಿಸುವವಳು ನನ್ನ ಹೆಂಡತಿ, ಅದೂ ಬೇರೆ ಅರ್ಥದಲ್ಲಿ. ಸ್ಕೂಟರಿಗೆ ಕಂಪನಿಯವರು ಕೊಟ್ಟಿದ್ದ ಹಾರನ್ನೂ ನನ್ನ ಜಾತಿಯದೇ. ಕೀಂ ಎಂದು ಬೇಡಿಕೊಳ್ಳುತ್ತಿತ್ತು. ಒಂದು ಸಂಜೆ ಸಾರಕ್ಕಿಯ ಹತ್ತಿರ ವ್ಯಾನೊಂದು ಒತ್ತಿಕೊಂಡು ಬಂದು ನನ್ನನ್ನು ಫುಟ್‌ಪಾತ್ ಹತ್ತಿಸಿತು. ನಾನು ಹಾರನ್ ಒತ್ತುತ್ತಲೇ ಇದ್ದೆ. ಡ್ರೈವರ್ ಇಣುಕಿ ನೋಡಿ, ಪಾಪ, ನಿಜವಾಗಿಯೇ ಆಶ್ಚರ್ಯಪಟ್ಟ. "ಕೇಳಿಸ್ಲೇ ಇಲ್ಲ ಗುರು" ಎಂದ.

ಅದೇ ವಾರ ಇಟ್ಟಮಡುವಿನ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಆತ ಸ್ಕೂಟರಿನ ಮುಂದಿನ ಹೊದಿಕೆ ಬಿಚ್ಚಿ, ಒಳಗಿದ್ದ ಬಡಪಾಯಿ ಹಾರನ್ನನ್ನು ಕಿತ್ತು ನನ್ನ ಕೈಗಿಟ್ಟ. ಅದರ ಜಾಗಕ್ಕೆ ಶಂಖದ ಹಾಗೆ ಸುರುಳಿ ಸುತ್ತಿದ ಎರಡು ದೊಡ್ಡ ಹಾರನ್ ಕೂರಿಸಿದ. ಒಂದು ದಪ್ಪ ಸ್ವರದ್ದು, ಇನ್ನೊಂದು ಚೂಪು ಸ್ವರದ್ದು. ಅಷ್ಟು ಕರೆಂಟು ಆ ಪುಟ್ಟ ಸ್ವಿಚ್ಚಿಗೆ ತಡೆಯುವುದಿಲ್ಲವೆಂದು ನಡುವೆ ಒಂದು ರಿಲೇ ಹಾಕಿ ವೈರು ಎಳೆದ. ಎಲ್ಲ ಮುಗಿಸಿ, ಒಮ್ಮೆ ಒತ್ತಿ ನೋಡಿ ಎಂದ. ಒತ್ತಿದೆ. ಎದುರಿನ ಹಣ್ಣಿನ ಗಾಡಿಯವನು ಬೆಚ್ಚಿ ಪಕ್ಕಕ್ಕೆ ಸರಿದ. "ಮುಂದಿರೋರು ಲಾರಿ ಬಂತು ಅಂದ್ಕೋತಾರೆ ಸಾರ್" ಎಂದ ಮೆಕ್ಯಾನಿಕ್, ಹೊಗಳಿಕೆಯ ದನಿಯಲ್ಲಿ. ನನಗೆ ಅದು ಹೊಗಳಿಕೆಯೇ ಆಗಿತ್ತು.

ಆಮೇಲಿನ ಮೂರು ವಾರ — ಹೇಗೆ ಹೇಳಲಿ — ಕನಸಿನಲ್ಲಿ ಸ್ಕೂಟರ್ ಓಡಿಸಿದ ಹಾಗಿತ್ತು. ಹೆಬ್ಬೆರಳು ಅಲ್ಲಾಡಿಸಿದರೆ ದಾರಿ ತೆರೆಯುತ್ತಿತ್ತು. ಕಾರುಗಳು ಎಡಕ್ಕೆ ಸರಿಯುತ್ತಿದ್ದವು, ಆಟೋಗಳು ಬಲಕ್ಕೆ, ಜನ ತಿರುಗಿ ನೋಡುತ್ತಿದ್ದರು. ಸದ್ದಿಗೂ ಸ್ಕೂಟರಿಗೂ ತಾಳೆಯಾಗದೆ ಅವರ ಕಣ್ಣು ನನ್ನ ಹಿಂದೆ ಲಾರಿಯನ್ನು ಹುಡುಕುತ್ತಿತ್ತು, ಅಷ್ಟರಲ್ಲಿ ನಾನು ದಾಟಿ ಹೋಗಿರುತ್ತಿದ್ದೆ. ಸಂತೋಷವಾಗಿತ್ತು, ಶಿವಣ್ಣ. ಸುಳ್ಳು ಹೇಳಲಾರೆ, ತುಂಬಾ ಸಂತೋಷವಾಗಿತ್ತು. ಹೆಂಡತಿ ಮಾತ್ರ, ಬೀದಿಯೊಳಗೆ ಅದನ್ನು ಹೊಡೆಯಬೇಡಿ, ಮಾನ ಹೋಗುತ್ತೆ ಎಂದಿದ್ದಳು. ಹೊಡೆದಿರಲೂ ಇಲ್ಲ — ಆ ದಿನದವರೆಗೆ.

ಯುಗಾದಿಗೆ ಇನ್ನು ಎರಡು ದಿನವಿತ್ತು. ಬೋರ್‌ವೆಲ್ಲುಗಳು ಬತ್ತಿದ್ದ ವರ್ಷ. ತಲಘಟ್ಟಪುರದ ಕಡೆಯಿಂದ ನೀವು ತರುತ್ತಿದ್ದ ನೀರಿನಲ್ಲೇ ನಮ್ಮ ಬೀದಿಯ ಅರ್ಧ ಮನೆಗಳ ಒಲೆ ಉರಿಯುತ್ತಿತ್ತು. ನಾನು ಪರೀಕ್ಷೆಯ ಕೆಲಸಕ್ಕೆಂದು ಬೇಗ ಹೊರಟಿದ್ದೆ. ಆಗ ತಾನೇ ಬೆಳಕು ಬರುತ್ತಿತ್ತು. ಅದು ಹೊಂಗೆ ಹೂ ಬಿಡುವ ಕಾಲ. ರಾತ್ರಿಯೆಲ್ಲ ಉದುರಿದ ಹೂವು ಬೀದಿಯುದ್ದಕ್ಕೂ ಬಿಳಿಯಾಗಿ ಹಾಸಿಕೊಂಡು ಚಕ್ರದ ಸದ್ದನ್ನೇ ನುಂಗುತ್ತಿತ್ತು. ಗಾಳಿಯಿಲ್ಲ, ಮಾತಿಲ್ಲ. ನಾನು ತೇಲಿಕೊಂಡು ಹೋಗುತ್ತಿದ್ದೇನೋ ಎನ್ನಿಸುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಬೀದಿಯೇ ಬರುತ್ತದೆ, ಅದೇ ಬೆಳಕು, ಅದೇ ನಿಶ್ಶಬ್ದ… ಅಲ್ಲಿಯೇ ನಿಲ್ಲಿಸಿಬಿಡಬಾರದೇ ಎಂದುಕೊಳ್ಳುತ್ತೇನೆ. ನಿಲ್ಲುವುದಿಲ್ಲ.

ಸರೋಜಮ್ಮನವರು ಗೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಹಾಕುತ್ತಿದ್ದರು, ರಸ್ತೆಗೆ ಬೆನ್ನು ಮಾಡಿ. ನಮ್ಮ ಬೀದಿಯಲ್ಲಿ ಅವರಷ್ಟು ಸಣ್ಣ ಎಳೆ ಎಳೆಯುವವರು ಯಾರೂ ಇರಲಿಲ್ಲ. ದಿನವೂ ಹಾದುಹೋಗುವಾಗ ನಾನು ನಮಸ್ಕಾರ ಅಮ್ಮ ಎನ್ನುತ್ತಿದ್ದೆ. ದಿನವೂ ಅವರಿಗೆ ಕೇಳಿಸುತ್ತಿರಲಿಲ್ಲ. ಅವರು ಬೇಕೆಂದು ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತು. ಆ ದಿನವೂ ಅಂದೆ. ಅವರು ತಿರುಗಲಿಲ್ಲ.

ನಾನು ಹಾರನ್ ಒತ್ತಿದೆ.

ದಾರಿಗೆ ಅಡ್ಡ ಏನೂ ಇರಲಿಲ್ಲ, ಶಿವಣ್ಣ. ನಾಯಿ ಇರಲಿಲ್ಲ, ಗಾಡಿ ಇರಲಿಲ್ಲ, ರಸ್ತೆ ಪೂರ್ತಿ ಖಾಲಿಯಿತ್ತು. ಒಂದೇ ಒಂದು ಸಲ ಅವರು ತಿರುಗಿ ನೋಡಲಿ ಎಂದು — ಅಷ್ಟಕ್ಕೆ. ಅವರಿಂದ ನಾಲ್ಕು ಮೊಳ ದೂರದಲ್ಲಿ.

ಅವರು ಕೂಗಲಿಲ್ಲ. ಎದ್ದು ಓಡಲು ಹೋದ ಹಾಗೆ ಮುಂದಕ್ಕೆ ಮುಗ್ಗರಿಸಿ, ಬಲಗೈ ಊರಿ, ಮೋರಿಯ ಚಪ್ಪಡಿಯ ಮೇಲೆ ಬಿದ್ದರು. ರಂಗೋಲಿ ಬಟ್ಟಲು ಉರುಳುವ ಸದ್ದು ಕೇಳಿಸಿತು. ನಾನು ಬ್ರೇಕ್ ಹಿಡಿಯಲಿಲ್ಲ. ಮುಂದೆ ಹೋದೆ, ತಿರುವಿನಲ್ಲಿ ಎಡಕ್ಕೆ ಹೊರಳಿ ಮರದ ಕೆಳಗೆ ನಿಂತೆ, ಎಂಜಿನ್ ಆರಿಸಿದೆ. ಎಷ್ಟು ಹೊತ್ತು ನಿಂತಿದ್ದೆನೋ — ಒಂದು ನಿಮಿಷವಿರಬಹುದು, ಎರಡಿರಬಹುದು. ಆಗ ಬೀದಿಯ ಆ ತುದಿಯಿಂದ ನಿಮ್ಮ ಟ್ಯಾಂಕರ್ ಬರುವ ಸದ್ದು ಕೇಳಿತು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಬೀದಿಗೆ ಹೊರಳುವಾಗ ಆ ತುದಿಯ ತಿರುವಿನಲ್ಲಿ ಎರಡು ಸಲ ಹಾರನ್ ಹೊಡೆಯುವುದು ನಿಮ್ಮ ರೂಢಿ. ಅದನ್ನು ಕೇಳಿ ಮನೆಯವರು ಬಂದು ಸಂಪಿನ ಮುಚ್ಚಳ ತೆಗೆಯುತ್ತಿದ್ದರು. ಅದು ಬೀದಿಗೆಲ್ಲ ಗೊತ್ತಿತ್ತು. ಆ ದಿನ ನೀವು ಹೊಡೆಯಲಿಲ್ಲ. ತಿರುಗುತ್ತಲೇ ಬಿದ್ದ ಹೆಂಗಸನ್ನು ಕಂಡಿರಬೇಕು. ಗಾಡಿ ಗಕ್ಕನೆ ನಿಂತಿತು, ಬಾಗಿಲು ತೆರೆದುಕೊಂಡಿತು, ನೀವು ಓಡಿದ ಹೆಜ್ಜೆ ಕೇಳಿತು. ಹಾರನ್ ಇಲ್ಲ. ನಾನು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಇದಕ್ಕೆ ಇಡೀ ಊರಿನಲ್ಲಿ ಸಾಕ್ಷಿ ನಾನೊಬ್ಬನೇ.

ನಾನು ಸ್ಕೂಟರನ್ನು ಅಲ್ಲೇ ಬಿಟ್ಟು ನಡೆದು ಬರುವ ಹೊತ್ತಿಗೆ ನಾಲ್ಕಾರು ಜನ ಸೇರಿದ್ದರು. ನೀವು ಅವರನ್ನು ಎತ್ತಿ ಗೇಟಿಗೆ ಒರಗಿಸಿ ಕೂರಿಸಿದ್ದಿರಿ. ಅವರ ಮುಖ ಬೆಳ್ಳಗಾಗಿತ್ತು. "ಲಾರಿ ಹಾರನ್ನು… ಬೆನ್ನ ಹಿಂದೇನೇ ಹೊಡೆದುಬಿಟ್ಟ" ಎಂದರು. ಎಲ್ಲರೂ ಟ್ಯಾಂಕರ್ ನೋಡಿದರು, ಆಮೇಲೆ ನಿಮ್ಮನ್ನು ನೋಡಿದರು. "ನಾನು ಹೊಡೀಲಿಲ್ಲ ಅಮ್ಮಾ" ಎಂದು ನೀವು ಒಂದೇ ಸಲ ಹೇಳಿದಿರಿ. ನಾನು ಆಟೋ ಹಿಡಿದು ತಂದೆ. ಆಸ್ಪತ್ರೆಗೆ ಕರೆದುಕೊಂಡು ಹೋದೆ, ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ನಿಂತಿದ್ದೆ, ಅವರ ಮಗಳು ಮೈಸೂರಿನಿಂದ ಬರುವವರೆಗೆ ಕೂತಿದ್ದೆ. ಪರೀಕ್ಷೆಯ ಕೆಲಸವನ್ನೂ ಬಿಟ್ಟು ಬಂದ ದೇವರಂಥ ಮನುಷ್ಯ ಎಂದು ಅವರು ಎಲ್ಲರಿಗೂ ಹೇಳಿದರು.

ಮರುದಿನ ಸಂಜೆ ಬೀದಿಯವರೆಲ್ಲ ನಿವಾಸಿಗಳ ಸಂಘದ ಅಧ್ಯಕ್ಷರ ಪೋರ್ಟಿಕೋದಲ್ಲಿ ಸೇರಿದರು. ನಿಮ್ಮ ಟ್ಯಾಂಕರ್ ಬೇಡವೇ ಬೇಡ, ಸುತ್ತಲಿನ ಬೀದಿಗಳಿಗೂ ಹೇಳಿಬಿಡೋಣ ಎನ್ನುವ ಮಾತು ಬಂತು. ಒಬ್ಬರು ಮಾತ್ರ, ಅವನು ಹೊಡೆದಿಲ್ಲ ಅಂತಾನಲ್ಲ, ಯಾರಾದರೂ ನೋಡಿದವರು ಇದ್ದಾರಾ ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಮೂರ್ತಿಯವರೇ, ನೀವು ಬೇಗ ಬಂದ್ರಲ್ಲ, ಏನಾದ್ರೂ ನೋಡಿದ್ರಾ?" ಎಂದರು. ನನ್ನ ಜೀವಮಾನದಲ್ಲಿ ಮೊದಲ ಸಲ, ಅಷ್ಟು ಜನ ನನ್ನ ಮಾತಿಗಾಗಿ ಕಾದಿದ್ದರು.

"ನಾನು ಬರೋ ಹೊತ್ತಿಗೆ ಟ್ಯಾಂಕರ್ ನಿಂತಿತ್ತು" ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಎಂದೂ ಹೇಳಿಲ್ಲ. ನೀವು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದಿರಿ, ಕರೆದಾರೆಂದು. ಯಾರೂ ಕರೆಯಲಿಲ್ಲ. ನನ್ನ ಮಾತು ಅಲ್ಲಿಯವರೆಗೂ ಕೇಳಿಸಿತೋ ಇಲ್ಲವೋ, ಗೊತ್ತಿಲ್ಲ.

ಹಾರನ್ನನ್ನು ಅದೇ ವಾರ ತೆಗೆಸಿದೆ, ಬೇರೆ ಕಡೆ ಹೋಗಿ, ಇಟ್ಟಮಡುವಿನ ಆ ಮೆಕ್ಯಾನಿಕ್ಕಿಗೆ ಮುಖ ತೋರಿಸಲಾರದೆ. ಯಾಕೆಂದು ಹೆಂಡತಿ ಕೇಳಿದಾಗ ತಲೆನೋವು ಬರುತ್ತೆ ಎಂದೆ. ಸರೋಜಮ್ಮನವರ ಮೂಳೆ ಕೂಡಿತು, ಆದರೆ ಬೆರಳುಗಳ ಹಿಡಿತ ಮೊದಲಿನಂತಾಗಲಿಲ್ಲ. ಚಿಟಿಕೆಯಿಂದ ಪುಡಿ ಒಂದೇ ಸಮನೆ ಇಳಿಯುವುದಿಲ್ಲ. ಎಳೆ ದಪ್ಪವಾಗುತ್ತದೆ, ನಡುಗುತ್ತದೆ, ನಡುವೆ ತುಂಡಾಗುತ್ತದೆ. ಈಗ ಅವರು ನಾಲ್ಕು ಚುಕ್ಕಿಯದನ್ನು ಹಾಕಿ ಒಳಗೆ ಹೋಗುತ್ತಾರೆ. ನನ್ನ ಸ್ಕೂಟರ್ ಸದ್ದಾದರೆ ಎದ್ದು ನಿಂತು ಮಾತಾಡಿಸುತ್ತಾರೆ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ನಾನು ಅದನ್ನು ತಿಂದಿದ್ದೇನೆ, ಶಿವಣ್ಣ. ಐದು ವರ್ಷ ತಿಂದಿದ್ದೇನೆ.

ಹೀಗೆಯೇ ಕಳೆದುಹೋಗುತ್ತಿತ್ತೋ ಏನೋ. ಹೋದ ತಿಂಗಳು ಸುಬ್ರಹ್ಮಣ್ಯಪುರದ ರಸ್ತೆಯಲ್ಲಿ ವಾಹನಗಳೆಲ್ಲ ಕಟ್ಟಿ ನಿಂತಿದ್ದಾಗ ನನ್ನ ಪಕ್ಕಕ್ಕೆ ಒಂದು ಟ್ಯಾಂಕರ್ ಬಂದು ನಿಂತಿತು. ಹಿಂಭಾಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನಿಂದ ಯಾರೋ ಸಾರ್ ಎಂದರು. ತಲೆಯೆತ್ತಿದರೆ ನೀವು, ಕೂದಲು ಅರ್ಧ ನೆರೆತಿದೆ. ಬೈಯುತ್ತೀರೆಂದು ಕಾದೆ. ನೀವು ಕೇಳಿದ್ದು ಆ ಅಮ್ಮನ ಕೈ ಹೇಗಿದೆ ಎಂದು. ಪರವಾಗಿಲ್ಲ ಎಂದೆ. ನೀವು ಸ್ವಲ್ಪ ಹೊತ್ತು ಸ್ಟೀರಿಂಗ್ ಮೇಲಿನ ನಿಮ್ಮ ಕೈಗಳನ್ನೇ ನೋಡಿದಿರಿ.

"ಈಗೀಗ ನಂಗೂ ಡೌಟು ಸಾರ್" ಎಂದಿರಿ. "ದಿನಾ ಹೊಡೆಯೋ ಕೈ ಅಲ್ವಾ. ನಂಗೇ ಗೊತ್ತಾಗ್ದಂಗೆ ಹೊಡೆದಿದ್ನೇನೋ. ಅಷ್ಟು ಜನ ಹೇಳಿದ್ಮೇಲೆ ನಾನೇ ಇರ್ಬೇಕು."

ಅಷ್ಟರಲ್ಲಿ ಮುಂದಿನ ಗಾಡಿಗಳು ಕದಲಿದವು, ನೀವು ಹೊರಟುಹೋದಿರಿ. ನಾನು ಸ್ಕೂಟರನ್ನು ಬದಿಗೆ ಎಳೆದುಕೊಂಡು ಅಲ್ಲೇ ಕೂತೆ. ನಿಮ್ಮ ಗಿರಾಕಿಗಳನ್ನು ಕಿತ್ತುಕೊಂಡಿದ್ದೇನೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅದಷ್ಟೇ ಅಲ್ಲ. ನಿಮ್ಮ ನೆನಪನ್ನೂ ಕಿತ್ತುಕೊಂಡಿದ್ದೆ. ಮಾಡದ ತಪ್ಪಿಗೆ ನೀವು ನಿಮ್ಮ ಕೈಯನ್ನೇ ಅನುಮಾನಿಸುತ್ತಾ ಐದು ವರ್ಷ ಗಾಡಿ ಓಡಿಸಿದ್ದೀರಿ, ಮಾಡಿದವನು ನಾನು ಹೋಳಿಗೆ ತಿಂದುಕೊಂಡು… ಈ ವಾಕ್ಯವನ್ನು ಹೇಗೆ ಮುಗಿಸಬೇಕೋ ನನಗೆ ತಿಳಿಯದು.

ನಿನ್ನೆ ಬೆಳಿಗ್ಗೆ ಸರೋಜಮ್ಮನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಯಾವತ್ತಿನ ಹಾಗೆ ಕಾಫಿ ತಂದಿಟ್ಟಿದ್ದರು. ಹೇಳಿ ಮುಗಿಸುವವರೆಗೆ ಅವರು ನನ್ನ ಮುಖ ಬಿಟ್ಟು ಕಣ್ಣು ಕದಲಿಸಲಿಲ್ಲ. ಕೈಯ ಬಗ್ಗೆ ಏನಾದರೂ ಅಂದಾರು ಎಂದುಕೊಂಡಿದ್ದೆ. ಅವರು ಅದರ ಸುದ್ದಿಯೇ ಎತ್ತಲಿಲ್ಲ. "ಆವತ್ತು ಆ ಟ್ಯಾಂಕರ್‌ನವನು ಬಾಟ್ಲಲ್ಲಿ ನೀರು ತಂದು ಬಾಯಿಗೆ ಹಿಡಿದ. ನಾನು ಕೈ ತಳ್ಳಿಬಿಟ್ಟೆ ಮೂರ್ತಿ" ಎಂದರು. ಎದ್ದು ನನ್ನ ಮುಂದಿದ್ದ ಲೋಟ ತೆಗೆದುಕೊಂಡು ಒಳಗೆ ಹೋದರು. ಕಾಫಿ ಅರ್ಧ ಹಾಗೆಯೇ ಇತ್ತು. ನಾನೇ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಈ ಭಾನುವಾರ ಸಂಘದವರನ್ನು ಅದೇ ಪೋರ್ಟಿಕೋಗೆ ಕರೆದಿದ್ದೇನೆ, ಮೊದಲು ಅಲ್ಲಿ ಹೇಳುತ್ತೇನೆ. ಅಲ್ಲಿಂದ ತಲಘಟ್ಟಪುರಕ್ಕೆ ನಿಮ್ಮ ಮನೆಗೆ ಬರುತ್ತೇನೆ. ಎದುರಿಗೆ ನಿಂತಾಗ ಎಲ್ಲಿ ಮತ್ತೆ ಅರ್ಧ ನಿಜ ಹೇಳಿಬಿಡುತ್ತೇನೋ ಎಂಬ ಭಯಕ್ಕೆ ಇದನ್ನು ಮುಂಚೆಯೇ ಬರೆದು ಕಳಿಸುತ್ತಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಒಳಗೆ ಕರೆಯಬೇಕೆಂದೂ ಇಲ್ಲ, ನಾನು ಬಾಗಿಲ ಹೊರಗೆ ನಿಂತೇ ಹೇಳುತ್ತೇನೆ. ನಿಮ್ಮ ಮನೆಯವರೂ ಮಕ್ಕಳೂ ಇದ್ದರೆ ಒಳ್ಳೆಯದು.

ಸರೋಜಮ್ಮನವರೂ ಬರುತ್ತಾರೆ. ಇವತ್ತು ಬೆಳಿಗ್ಗೆ ಮೈಸೂರಿನ ಮಗಳ ಕೈಲಿ ಫೋನ್ ಮಾಡಿಸಿ ಹೇಳಿದರು — ನನ್ನ ಜೊತೆಗಲ್ಲ, ಬೇರೆಯಾಗಿ ಆಟೋದಲ್ಲಿ ಬರುತ್ತಾರಂತೆ.