ಮೂಟೆ ಹೊಲಿಯುತ್ತಿದ್ದ ಮುನಿಯಕ್ಕ

ಮುನಿಯಕ್ಕನ ಬಾಯಲ್ಲಿ ಯಾವಾಗಲೂ ಸೆಣಬಿನ ದಾರದ ಒಂದು ತುಂಡು ಇರುತ್ತಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುತ್ತಿದ್ದಳು, ಹಮಾಲಿಗಳನ್ನು ಗದರುತ್ತಿದ್ದಳು. "ಕೊಕ್ಕೆ ಮೆಲ್ಲಗೆ ಆಕ್ರೋ, ಅದೇನ್ ನಿಮ್ ಮಾವನ ಬೆನ್ನಾ?"

ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಅವಳಿಗೆ ಮೂಟೆ ಹೊಲಿಯುವ ಕೆಲಸ. ವ್ಯಾಗನ್ನಿನಿಂದ ಅಕ್ಕಿ, ಬೇಳೆ, ಬೆಲ್ಲ ಇಳಿಯುವಾಗ ಕೊಕ್ಕೆ ತಗುಲಿ ಗೋಣಿ ಹರಿಯುತ್ತಿತ್ತು. ದಬ್ಬಳ ಹಿಡಿದು ಕೂತ ಮುನಿಯಕ್ಕ ಹೊಲಿದು ಬಿಟ್ಟ ಮೇಲೆಯೇ ಮೂಟೆ ಗಾಡಿ ಏರಿ ನಮ್ಮ ಪೇಟೆಗೋ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆಯ ಅಂಗಡಿಗಳಿಗೋ ಹೋಗುತ್ತಿತ್ತು. ಹಮಾಲಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿ ಕುಪ್ಪಂಗೆ ಮದುವೆ ಮಾಡಿಕೊಟ್ಟದ್ದು ಈ ಕೆಲಸದಿಂದಲೇ.

ಆಮೇಲೆ ವ್ಯಾಗನ್‌ಗಳು ಬರುವುದು ನಿಂತಿತು. ಸರಕು ಪ್ಲಾಸ್ಟಿಕ್ ಚೀಲಗಳಲ್ಲಿ, ಯಂತ್ರದ ಹೊಲಿಗೆ ಹಾಕಿಸಿಕೊಂಡು, ಲಾರಿಯಲ್ಲಿ ನೇರವಾಗಿ ಅಂಗಡಿ ಬಾಗಿಲಿಗೇ ಬಂತು. ಶೆಡ್ಡಿಗೆ ಬೀಗ ಬಿತ್ತು. ಹಮಾಲಿಗಳು ಟೊಮೇಟೊ ಲಾರಿ ತುಂಬಲು ಹೋದರು. ಮುನಿಯಕ್ಕ ಮಾತ್ರ ಅಂಗಡಿ ಅಂಗಡಿ ಅಲೆದಳು. ನಮ್ಮ ದಿನಸಿ ಅಂಗಡಿಗೂ ಬಂದು ಕೇಳುತ್ತಿದ್ದಳು: "ಅರಿದಿರೋ ಮೂಟೆ ಐತೇನಕ್ಕಾ?"

ಇಲ್ಲವೆನ್ನಲು ಅಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಒಂದು ದಿನ ಮುನಿಯಕ್ಕ ಬರುವುದನ್ನು ದೂರದಿಂದಲೇ ಕಂಡು, ಒಳಗೆ ಹೋಗಿ ಗಟ್ಟಿಮುಟ್ಟಾದ ಗೋಣಿಚೀಲವೊಂದನ್ನು ಚಾಕುವಿನಿಂದ ಸೀಳಿ ತಂದಿಟ್ಟಳು. ಮುನಿಯಕ್ಕ ಸೀಳಿನ ಮೇಲೆ ಬೆರಳಾಡಿಸಿದಳು.

"ಇದು ಅರಿದಿದ್ದಲ್ಲ ಕಣಕ್ಕಾ, ಕುಯ್ದಿದ್ದು."

ಅಮ್ಮ ತಲೆ ತಗ್ಗಿಸಿದಳು. ಮುನಿಯಕ್ಕ ಸಿಟ್ಟಾಗಲಿಲ್ಲ. ಹೊಸ್ತಿಲ ಪಕ್ಕ ಕೂತು, ಆತುರವಿಲ್ಲದೆ, ಒತ್ತೊತ್ತಾಗಿ ಹೊಲಿದಳು. ಕೊಟ್ಟ ಟೀ ಕುಡಿದಳು. ಹೊರಡುವಾಗ, "ನನ್ಗೋಸ್ಕರ ಚೆನ್ನಾಗಿರೋದ್ನ ಕೆಡಿಸ್ಬ್ಯಾಡಕ್ಕಾ" ಎಂದಳು. ಮತ್ತೆಂದೂ ಕೆಲಸ ಕೇಳಿಕೊಂಡು ಬರಲಿಲ್ಲ.

ಅವಳನ್ನು ನಾನು ಕೊನೆಯ ಸಲ ಕಂಡದ್ದು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ. ಮಗಳ ಮನೆಗೆಂದು ಹೊರಟಿದ್ದಳು. ಅಷ್ಟರಲ್ಲಿ ಒಂದು ಕಂಟೇನರ್ ರೈಲು, ಪೆಟ್ಟಿಗೆಯ ಹಿಂದೆ ಪೆಟ್ಟಿಗೆ, ನಿಲ್ಲದೆ ಹಾದುಹೋಯಿತು. ಅದು ಮರೆಯಾಗುವ ತನಕ ಮುನಿಯಕ್ಕ ಮೂಗೆತ್ತಿಕೊಂಡು ನಿಂತಿದ್ದಳು.

"ಅದ್ರಾಗೇನೈತೆ ಮಗಾ?"

"ಗೊತ್ತಾಗಲ್ಲ ಮುನಿಯಕ್ಕಾ, ಎಲ್ಲ ಮುಚ್ಚಿರುತ್ತೆ."

"ಆಗೆಲ್ಲ ವಾಸ್ನೇಲೇ ಯೋಳ್ತಿದ್ದೆ, ಬೆಲ್ಲ ಬಂತು, ಮೆಣ್ಸಿನ್ಕಾಯಿ ಬಂತು ಅಂತ. ಇದು ಬರೀ ಗಾಳಿ."

ಅವಳ ರೈಲು ಬಂತು. ಬಟ್ಟೆಯ ಗಂಟು ಎತ್ತಿ ಒಳಗಿಟ್ಟೆ. ಆ ಚಳಿಗಾಲ ಮುಗಿಯುವ ಮೊದಲೇ ಕುಪ್ಪಂನಿಂದ ಮಗಳು ಫೋನ್ ಮಾಡಿ, "ಅಮ್ಮ ಓಗ್ಬಿಟ್ಳು" ಎಂದಳು. ಸುದ್ದಿ ಕೇಳಿದ ನಮ್ಮಮ್ಮ ಅಂಗಡಿಯ ಒಳಕೋಣೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾಗಿಲಿಗೆ ಲಾರಿ ಬಂದು ನಿಂತಿತ್ತು. ಆವತ್ತಿನ ಚೀಲಗಳನ್ನು ನಾನೇ ಇಳಿಸಿಕೊಂಡೆ.